ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸ್ಪ್ಯಾನಿಶ್ ಪುಸ್ತಕಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮನೆಯೊಳಗೆ ಸ್ಪ್ಯಾನಿಶ್ ಆಡುವವರ ಸಂಖ್ಯೆ 4 ಕೋಟಿ ದಾಟಿದೆ. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ಬಹುಮಟ್ಟಿಗೆ ಊರಿನ ಅಥವಾ ಕೌಂಟಿಯ ತೆರಿಗೆಯಿಂದ ನಡೆಯುತ್ತವೆ. ಯಾವ ಪುಸ್ತಕಕ್ಕೆ ಎಷ್ಟು ಹಣ ಎಂಬುದೂ ಅಲ್ಲಿಯೇ ನಿರ್ಧಾರವಾಗುತ್ತದೆ. ಆದ್ದರಿಂದ ಸ್ಪ್ಯಾನಿಶ್ ಸಂಗ್ರಹ ಬೇಕೇ ಬೇಡವೇ ಎಂಬ ಜಗಳ ರಾಜಧಾನಿಯಲ್ಲಿ ಹುಟ್ಟುವುದು ಕಡಿಮೆ. ಅದು ಸ್ಥಳೀಯ ಗ್ರಂಥಾಲಯ ಮಂಡಳಿಯ ಆಯವ್ಯಯ ಸಭೆಯಲ್ಲಿ ಹುಟ್ಟುತ್ತದೆ.

ಸ್ಪ್ಯಾನಿಶ್ ವಲಸಿಗರ ಭಾಷೆ ಎಂಬ ಮಾತು ಈ ಜಗಳದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದು ಅರ್ಧ ಸತ್ಯ. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೊದ ಕೈತಪ್ಪಿದ ನೆಲದಲ್ಲಿಯೇ ಇಂದಿನ ಕ್ಯಾಲಿಫೋರ್ನಿಯಾ ಇದೆ, ನ್ಯೂ ಮೆಕ್ಸಿಕೊದ ಬಹುಭಾಗವೂ ಇದೆ. ಅಲ್ಲಿನ ಸ್ಪ್ಯಾನಿಶ್ ಕುಟುಂಬಗಳು ಇದ್ದಲ್ಲೇ ಇದ್ದವು. ಗಡಿ ಅವರನ್ನು ದಾಟಿಹೋಯಿತು. 1898ರಲ್ಲಿ ಪೋರ್ಟೊ ರಿಕೊ ಅಮೆರಿಕದ ವಶವಾಯಿತು, 1917ರಲ್ಲಿ ಅಲ್ಲಿಯವರು ಅಮೆರಿಕದ ಪ್ರಜೆಗಳಾದರು. ನ್ಯೂಯಾರ್ಕಿಗೆ ಬಂದಿಳಿಯುವ ಪೋರ್ಟೊ ರಿಕೊದವರು ಸ್ವದೇಶದಲ್ಲೇ ಊರು ಬದಲಿಸಿದವರು.

ಅಂಥವರಲ್ಲಿ ಒಬ್ಬರು ಪೂರಾ ಬೆಲ್‌ಪ್ರೆ. 1921ರಲ್ಲಿ ಅವರು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಹಾರ್ಲೆಮ್‌ನ 135ನೇ ಬೀದಿಯ ಶಾಖೆಗೆ ಕೆಲಸಕ್ಕೆ ಸೇರಿದರು. ಅಜ್ಜಿಯಿಂದ ಕೇಳಿದ್ದ ಪೋರ್ಟೊ ರಿಕೊದ ಕತೆಗಳಲ್ಲಿ ಒಂದೂ ಮಕ್ಕಳ ಕಪಾಟಿನಲ್ಲಿ ಕಾಣಲಿಲ್ಲ. ಅವುಗಳನ್ನು ಬಾಯಿಮಾತಿನಲ್ಲಿ ಹೇಳತೊಡಗಿದರು, ಮುಂದೆ ಗೊಂಬೆಯಾಟವಾಗಿ ಆಡಿಸಿದರು. ಜಿರಲೆ ಮಾರ್ತೀನಾ ಮತ್ತು ಇಲಿ ಪೆರೆಸ್‌ರ ಕತೆ 1932ರಲ್ಲಿ ಪುಸ್ತಕವಾಯಿತು. 115ನೇ ಬೀದಿಯ ಶಾಖೆಯಲ್ಲಿ ಅವರು ಎರಡು ಭಾಷೆಗಳಲ್ಲಿ ಕತೆ ಹೇಳುತ್ತಿದ್ದರು. ಜನವರಿ 6ರ ಮೂವರು ರಾಜರ ಹಬ್ಬವನ್ನು ಗ್ರಂಥಾಲಯದೊಳಗೇ ಆಚರಿಸಿದರು. ಹೆತ್ತವರು ಮಕ್ಕಳ ಕೈಹಿಡಿದು ಗ್ರಂಥಾಲಯದ ಹೊಸ್ತಿಲು ತುಳಿಯುವಂತೆ ಮಾಡಿದ್ದು ಇಂಥ ಕೆಲಸ. 1996ರಿಂದ ಅವರ ಹೆಸರಿನಲ್ಲಿ ಮಕ್ಕಳ ಸಾಹಿತ್ಯ ಪ್ರಶಸ್ತಿಯಿದೆ.

ಒಬ್ಬರ ಶ್ರದ್ಧೆಯಿಂದ ನಡೆದದ್ದು ಸಂಘಟನೆಯ ರೂಪ ಪಡೆದದ್ದು 1971ರಲ್ಲಿ. ಆರ್ನುಲ್ಫೊ ತ್ರೇಹೊ ಅವರ ಮುಂದಾಳತ್ವದಲ್ಲಿ ಹುಟ್ಟಿದ ರಿಫಾರ್ಮಾ ಎಂಬ ಗ್ರಂಥಪಾಲಕರ ಸಂಘ ಸ್ಪ್ಯಾನಿಶ್ ಸಂಗ್ರಹ, ದ್ವಿಭಾಷಾ ಸಿಬ್ಬಂದಿ, ಲ್ಯಾಟಿನೊ ಸಮುದಾಯದಿಂದ ಗ್ರಂಥಪಾಲಕರ ನೇಮಕ ಇವಕ್ಕಾಗಿ ದುಡಿಯುತ್ತ ಬಂದಿದೆ.

ಹಣ ಸಿಕ್ಕ ಮಾತ್ರಕ್ಕೆ ಸಂಗ್ರಹ ಕಟ್ಟಿದಂತಾಗುವುದಿಲ್ಲ. ಬಸ್ಸಿಗೆ ಮೆಕ್ಸಿಕೊದವರು ಕಮಿಯೋನ್ ಎಂದರೆ ಕ್ಯೂಬಾದವರು ಗ್ವಾಗ್ವಾ ಎನ್ನುತ್ತಾರೆ. ಬ್ಯೂನಸ್ ಐರಿಸ್‌ನಲ್ಲಿ ಅದು ಕೊಲೆಕ್ತೀವೊ. ಸ್ಪೇನಿನಲ್ಲಿ ಅನುವಾದಗೊಂಡ ಮಕ್ಕಳ ಪುಸ್ತಕ ಲಾಸ್ ಏಂಜಲಿಸ್‌ನ ಮೆಕ್ಸಿಕನ್ ಮಗುವಿಗೆ ಅಲ್ಲಲ್ಲಿ ಪರಕೀಯವೆನಿಸುತ್ತದೆ. ಅದಕ್ಕಾಗಿಯೇ ಗ್ರಂಥಪಾಲಕರು 1987ರಿಂದ ನಡೆಯುತ್ತಿರುವ ಗ್ವಾದಲಹಾರಾ ಪುಸ್ತಕ ಮೇಳಕ್ಕೆ ಹೋಗಿ ಲ್ಯಾಟಿನ್ ಅಮೆರಿಕದ ಪ್ರಕಾಶಕರಿಂದ ನೇರವಾಗಿ ಕೊಳ್ಳುತ್ತಾರೆ. ಇನ್ನೊಂದು ತೊಡಕು ಹೆಸರಿನಲ್ಲೇ ಇದೆ. ಸ್ಪ್ಯಾನಿಶ್‌ನಲ್ಲಿ ಲಿಬ್ರೆರಿಯಾ ಎಂದರೆ ಪುಸ್ತಕದಂಗಡಿ. ಗ್ರಂಥಾಲಯಕ್ಕೆ ಬಿಬ್ಲಿಯೊತೆಕಾ ಎನ್ನಬೇಕು. ಲೈಬ್ರರಿ ಎಂಬ ಫಲಕ ನೋಡಿ ದುಡ್ಡು ಕೊಡಬೇಕೇನೋ ಎಂದು ಹೊಸಬರು ಹಿಂಜರಿಯಬಹುದು. ಅದನ್ನು ನಿವಾರಿಸಲು ಅವರ ಭಾಷೆ ಬಲ್ಲ ಒಬ್ಬ ಸಿಬ್ಬಂದಿ ನೂರು ಪುಸ್ತಕಕ್ಕಿಂತ ಹೆಚ್ಚು ಉಪಯುಕ್ತ.

ವಿವಾದ ದೇಶದ ಗಮನ ಸೆಳೆದದ್ದು 2005ರಲ್ಲಿ, ಕೊಲೊರಾಡೊದ ಡೆನ್ವರ್‌ನಲ್ಲಿ. ಕೆಲವು ಶಾಖೆಗಳಲ್ಲಿ ಸ್ಪ್ಯಾನಿಶ್‌ಗೆ ಹೆಚ್ಚು ಒತ್ತು ಕೊಡುವ ಯೋಜನೆಯನ್ನು ಕಾಂಗ್ರೆಸ್ ಸದಸ್ಯ ಟಾಮ್ ಟ್ಯಾಂಕ್ರೀಡೊ ಬಹಿರಂಗವಾಗಿ ಪ್ರಶ್ನಿಸಿದರು. ಅದರ ಬೆನ್ನಿಗೇ ಫೋಟೊನೊವೆಲಾ ಎಂಬ ಚಿತ್ರಕಥಾ ಪುಸ್ತಿಕೆಗಳ ಅಶ್ಲೀಲತೆಯ ಕುರಿತು ಗದ್ದಲವೆದ್ದು, ಕೆಲವು ಮಾಲಿಕೆಗಳನ್ನು ಗ್ರಂಥಾಲಯ ಹಿಂತೆಗೆದುಕೊಂಡಿತು. ಆ ಪುಸ್ತಿಕೆಗಳ ಗುಣಮಟ್ಟ ನಿಜಕ್ಕೂ ಚರ್ಚೆಗೆ ಅರ್ಹವಾಗಿತ್ತು. ಆದರೆ ಒಂದು ಪ್ರಕಾರದ ದೋಷ ಇಡೀ ಭಾಷೆಯ ತಲೆಗೆ ಬಂದದ್ದು ನ್ಯಾಯವಲ್ಲ.

ಮರುವರ್ಷ ಜಾರ್ಜಿಯಾದ ಗ್ವಿನೆಟ್ ಕೌಂಟಿಯ ಮಂಡಳಿ ಸ್ಪ್ಯಾನಿಶ್ ಕಥಾಸಾಹಿತ್ಯಕ್ಕೆ ಮೀಸಲಿಟ್ಟಿದ್ದ 3,000 ಡಾಲರ್‌ಗೆ ಕತ್ತರಿ ಹಾಕಿತು. ಒಂದು ಕೌಂಟಿಯ ಗ್ರಂಥಾಲಯಗಳಿಗೆ ಅದು ಅಲ್ಪ ಮೊತ್ತ. ಗಮನಿಸಬೇಕಾದದ್ದು ಕತ್ತರಿ ಬಿದ್ದ ಜಾಗ: ಕಾದಂಬರಿಗೆ. ಅಕ್ರಮವಾಗಿ ಬಂದಿರಬಹುದಾದವರ ಮನರಂಜನೆಗೆ ತೆರಿಗೆ ಹಣವೇಕೆ ಎಂಬುದು ಆಗ ಕೇಳಿಬಂದ ಆಕ್ಷೇಪ.

ವಿರೋಧಿಗಳ ವಾದಗಳಲ್ಲಿ ತೂಕದ್ದೂ ಇದೆ. ಸ್ಪ್ಯಾನಿಶ್‌ಗೆ ಕೊಟ್ಟರೆ ವಿಯೆಟ್ನಾಮೀಸ್, ಕೊರಿಯನ್ ಓದುಗರಿಗೆ ಏನು ಹೇಳುವುದು ಎಂಬ ಪ್ರಶ್ನೆಗೆ ಸಣ್ಣ ಗ್ರಂಥಾಲಯಗಳಲ್ಲಿ ಸುಲಭದ ಉತ್ತರವಿಲ್ಲ. ಊರಿನ ಜನಸಂಖ್ಯೆ ಮತ್ತು ಎರವಲಿನ ಲೆಕ್ಕವನ್ನು ಆಧರಿಸುವುದೇ ವಾಡಿಕೆ. ತಾಯ್ನುಡಿಯ ಪುಸ್ತಕ ಇಂಗ್ಲಿಷ್ ಕಲಿಕೆಯನ್ನು ತಡೆಯುತ್ತದೆ ಎಂಬ ವಾದ ಮಾತ್ರ ನಿಲ್ಲುವಂಥದ್ದಲ್ಲ; ಇಂಗ್ಲಿಷ್ ತರಗತಿಗಳೂ ಸ್ಪ್ಯಾನಿಶ್ ಪುಸ್ತಕಗಳೂ ಅನೇಕ ಕಡೆ ಒಂದೇ ಸೂರಿನಡಿ ಇವೆ. ಬೆಂಬಲಿಗರೂ ಒಂದು ತಪ್ಪು ಮಾಡುತ್ತಾರೆ: ಸ್ಪ್ಯಾನಿಶ್ ಕಪಾಟನ್ನು ಇಂಗ್ಲಿಷ್‌ಗೆ ಏರುವ ಮೆಟ್ಟಿಲೆಂದಷ್ಟೇ ಸಮರ್ಥಿಸುತ್ತಾರೆ. ಇಂಗ್ಲಿಷ್ ಓದುಗ ಸಂತೋಷಕ್ಕಾಗಿ ಕಾದಂಬರಿ ಎರವಲು ಪಡೆದರೆ ಯಾರೂ ಕಾರಣ ಕೇಳುವುದಿಲ್ಲ. ಅದೇ ತೆರಿಗೆ ಕಟ್ಟುವ ಸ್ಪ್ಯಾನಿಶ್ ಓದುಗನಿಗೂ ಕಾರಣ ಕೊಡುವ ಹೊರೆ ಇರಬಾರದು.

ಕೊಲೊರಾಡೊ, ಫ್ಲೋರಿಡಾ ರಾಜ್ಯಗಳು 1988ರಲ್ಲೇ ಇಂಗ್ಲಿಷನ್ನು ಅಧಿಕೃತ ಭಾಷೆಯಾಗಿ ಘೋಷಿಸಿಕೊಂಡಿದ್ದವು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಸರ್ಕಾರಿ ಸೇವೆ ತಲುಪಬೇಕೆಂಬ 2000ದ ಅಧ್ಯಕ್ಷೀಯ ಆದೇಶವನ್ನು 2025ರ ಮಾರ್ಚ್ 1ರ ಆದೇಶ ರದ್ದುಗೊಳಿಸಿ, ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಸಾರಿತು. ಬೇರೆ ಭಾಷೆಗಳ ಸೇವೆಯನ್ನು ನಿಲ್ಲಿಸಲೇಬೇಕೆಂದು ಅದು ಹೇಳಿಲ್ಲ. ಊರಿನ ಗ್ರಂಥಾಲಯ ಕೊಳ್ಳುವ ಪುಸ್ತಕಗಳ ಪಟ್ಟಿ ಈಗಲೂ ಸಿದ್ಧವಾಗುವುದು ಊರಿನಲ್ಲೇ.