ಕಡಲಹಕ್ಕಿಯ ಗರಿಯಲ್ಲಿ ಗಿಳಿಜ್ವರ



ಕಾಯಿಲೆ ಬಿದ್ದವರನ್ನು 'ಏನು ತಿಂದಿರಿ?' ಎಂದು ನಾವೆಲ್ಲ ಕೇಳುತ್ತೇವೆ. ಕೆಲವೊಮ್ಮೆ 'ಏನು ಕೆಲಸ ಮಾಡಿದಿರಿ?' ಎಂಬ ಪ್ರಶ್ನೆಗೇ ಉತ್ತರ ಸಿಗುತ್ತದೆ. ಇದಕ್ಕೊಂದು ಉದಾಹರಣೆ ನೋಡೋಣ.

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, ಸ್ಕಾಟ್ಲೆಂಡ್ ಮತ್ತು ಐಸ್‌ಲೆಂಡ್‌ಗಳ ನಡುವೆ ಫೆರೋ ದ್ವೀಪಗಳಿವೆ. ಅಲ್ಲಿನ ಕಡಿದಾದ ಬಂಡೆಗಳ ಮೇಲೆ ಫುಲ್ಮಾರ್ ಎಂಬ ಕಡಲಹಕ್ಕಿ ಗೂಡು ಕಟ್ಟುತ್ತದೆ. ಬೇಸಿಗೆಯ ಕೊನೆಗೆ ಗೂಡು ಬಿಡುವ ಮರಿಗಳು ಎಷ್ಟು ಕೊಬ್ಬಿರುತ್ತವೆಂದರೆ, ಹಾರಲಾರದೆ ನೀರಿನ ಮೇಲೆ ತೇಲುತ್ತವೆ. ಗಂಡಸರು ದೋಣಿಗಳಲ್ಲಿ ಹೋಗಿ ಅವನ್ನು ಹಿಡಿದು ತರುತ್ತಿದ್ದರು. ಗರಿ ಕಿತ್ತು, ಉಪ್ಪು ಹಾಕಿಡುವುದು ಹೆಂಗಸರ ಕೆಲಸ.

1930ರಿಂದ 1938ರವರೆಗೆ ಈ ದ್ವೀಪಗಳಲ್ಲಿ 174 ಮಂದಿಗೆ ವಿಚಿತ್ರ ನ್ಯುಮೋನಿಯಾ ಬಂತು. ಸುಮಾರು ಐವರಲ್ಲಿ ಒಬ್ಬರು ತೀರಿಕೊಂಡರು. ಗರ್ಭಿಣಿಯರಿಗಂತೂ ಅದು ಬಹಳ ಮಾರಕವಾಗಿತ್ತು. ಮಾಂಸವನ್ನು ಮನೆಮಂದಿಯೆಲ್ಲ ತಿಂದರೂ ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು. ಏಕೆ?

ಗುಟ್ಟು ಇದ್ದದ್ದು ಊಟದಲ್ಲಲ್ಲ, ಉಸಿರಿನಲ್ಲಿ! ಕ್ಲಮೈಡಿಯ ಸಿಟ್ಟಾಸಿ ಎಂಬ ಬ್ಯಾಕ್ಟೀರಿಯ ಹಕ್ಕಿಯ ಹಿಕ್ಕೆಯಲ್ಲೂ ಮೂಗಿನ ಸ್ರಾವದಲ್ಲೂ ಹೊರಬರುತ್ತದೆ. ಅದು ಒಣಗಿ ಗರಿಗೆ ಅಂಟಿಕೊಳ್ಳುತ್ತದೆ. ಗರಿ ಕೀಳುವಾಗ ಧೂಳಾಗಿ ಎದ್ದು ಶ್ವಾಸಕೋಶ ಸೇರುತ್ತದೆ. ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ. ಇದೇ 'ಗಿಳಿಜ್ವರ'. ವೈದ್ಯ ರಾಸ್ಮುಸ್ಸೆನ್-ಐಡೆ 1938ರಲ್ಲಿ ಈ ಸಂಬಂಧವನ್ನು ವರದಿ ಮಾಡಿದರು.

ಗಿಳಿಯ ರೋಗ ಕಡಲಹಕ್ಕಿಗೆ ಬಂದದ್ದು ಹೇಗೆ? 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಹಡಗೇರಿದ ಗಿಳಿಗಳಿಂದ ಹಲವು ದೇಶಗಳಿಗೆ ಈ ಜ್ವರ ಹರಡಿತ್ತು. ದಾರಿಯಲ್ಲಿ ಸತ್ತ ಗಿಳಿಗಳನ್ನು ಕಡಲಿಗೆ ಎಸೆದಾಗ ಫುಲ್ಮಾರ್‌ಗಳು ತಿಂದಿರಬಹುದೆಂಬುದು ಒಂದು ಊಹೆ. ನಿಜವಾದರೆ, ರೋಗವನ್ನು ಹಕ್ಕಿಗೆ ತಲುಪಿಸಿದವನು ಮನುಷ್ಯನೇ!

ಆಗ ಇದಕ್ಕೆ ಔಷಧವಿರಲಿಲ್ಲ. 1948ರಲ್ಲಿ ಬಳಕೆಗೆ ಬಂದ ಟೆಟ್ರಾಸೈಕ್ಲೀನ್ ವರ್ಗದ ಔಷಧಗಳಿಂದ ಇಂದು ಇದು ವಾಸಿಯಾಗುವ ಕಾಯಿಲೆ.

ಇತ್ತೀಚಿನ ವರ್ಷಗಳಲ್ಲಿ ಕಡಲಹಕ್ಕಿಗಳನ್ನು ಕಾಡಿದ್ದು ಎಚ್5ಎನ್1 ಹಕ್ಕಿಜ್ವರ. 2022ರಲ್ಲಿ ಪೆರು ಕರಾವಳಿಯಲ್ಲಿ ಸಾವಿರಾರು ಪೆಲಿಕನ್‌ಗಳು ಸತ್ತವು. 2023ರಲ್ಲಿ ಚಿಲಿಯ ಕರಾವಳಿಯಲ್ಲಿ ಮನುಷ್ಯನೊಬ್ಬನಿಗೂ ಅದು ತಗುಲಿತು.

ಚಳಿಗಾಲದಲ್ಲಿ ಮಲ್ಪೆ, ಕಾರವಾರದ ದಂಡೆಗೂ ಕಡಲಕಾಗೆಗಳು ವಲಸೆ ಬರುತ್ತವೆ. ಅವನ್ನು ಕಂಡು ಹೆದರಬೇಕಿಲ್ಲ. ದೂರದಿಂದ ನೋಡಿ ಆನಂದಿಸಿ. ಸತ್ತ ಅಥವಾ ತೂಕಡಿಸುವ ಹಕ್ಕಿ ಕಂಡರೆ ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಪಶುವೈದ್ಯರಿಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಹಕ್ಕಿ ಮುಟ್ಟಿದ ಮೇಲೆ ಜ್ವರ, ಕೆಮ್ಮು ಬಂದರೆ, ಆ ಸಂಗತಿಯನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳಲು ಮರೆಯಬಹುದು.