ಕೆಂಪು ತಾರೀಖು ಯಾರ ಹೆಸರಿಗೆ?



ನಾನು ಪಿ.ಯು.ಸಿ. ಮುಗಿಸಿ ಪ್ರೆಸ್ಸಿಗೆ ಇಳಿದವನು, ಭಾಷಣಕಾರನಲ್ಲ. ವರ್ಷಾವರ್ಷ ಕ್ಯಾಲೆಂಡರ್ ಅಚ್ಚು ಹಾಕುವಾಗ ರಜೆಯ ತಾರೀಖಿಗೆ ಕೆಂಪು ಮಸಿ ಬಳಿಯುವುದು ನನ್ನ ಕಸುಬು. ಆ ಕೆಂಪು ಯಾರಿಗೆ ಸಲ್ಲಬೇಕು? ಹಣ ಕೊಟ್ಟವನಿಗೋ, ಜೈಲು ಕಂಡವನಿಗೋ? ಮಧ್ಯ ಅಮೆರಿಕದ ಬೆಲೀಜ್ ಎಂಬ ಪುಟ್ಟ ದೇಶ ಇದಕ್ಕೊಂದು ಉತ್ತರ ಕೊಟ್ಟಿದೆ. ಅಲ್ಲಿನ ಜನಸಂಖ್ಯೆ ಸುಮಾರು 4 ಲಕ್ಷ, ಅಷ್ಟೆ.

ಹಿಂದೆ ಅದು ಬ್ರಿಟಿಷರ ವಸಾಹತು. ಹೆಸರು ಬ್ರಿಟಿಷ್ ಹೊಂಡುರಾಸ್. 1926ರಲ್ಲಿ ಬ್ಯಾರನ್ ಬ್ಲಿಸ್ ಎಂಬ ಇಂಗ್ಲಿಷ್ ಸಿರಿವಂತ ತನ್ನ ಸ್ವಂತ ಹಡಗಿನಲ್ಲಿ ಅಲ್ಲಿಗೆ ಬಂದ. ಕಾಲಿಗೆ ಲಕ್ವ, ಮೈಯಲ್ಲಿ ಕಾಯಿಲೆ. ದಡಕ್ಕೆ ಇಳಿಯಲೇ ಇಲ್ಲ! ಮಾರ್ಚ್ 9ರಂದು ಹಡಗಿನಲ್ಲೇ ತೀರಿಕೊಂಡ. ಸಾಯುವ ಮುಂಚೆ ಉಯಿಲು ಬರೆದು 20 ಲಕ್ಷ ಡಾಲರಿಗೆ ಹತ್ತಿರದ ಆಸ್ತಿಯನ್ನು ಆ ನಾಡಿನ ಜನರಿಗೆ ಬಿಟ್ಟ. ಷರತ್ತು ಏನೆಂದರೆ, ಅಸಲು ಮುಟ್ಟಬಾರದು, ಬಡ್ಡಿ ಮಾತ್ರ ಬಳಸಬೇಕು. ಪ್ರತಿ ವರ್ಷ ದೋಣಿ ಪಂದ್ಯಕ್ಕೂ ಹಣ ತೆಗೆದಿಟ್ಟ. ಜನ ಮರೆಯಲಿಲ್ಲ. ಸಮುದ್ರದ ದಡದಲ್ಲಿ ಅವನ ಸಮಾಧಿ, ಪಕ್ಕದಲ್ಲೇ ದೀಪಸ್ತಂಭ. ಮಾರ್ಚ್ 9 'ಬ್ಯಾರನ್ ಬ್ಲಿಸ್ ದಿನ' ಆಯಿತು.

ಈಗ ಇನ್ನೊಬ್ಬನ ಕಥೆ ಕೇಳಿ. ಇವನು ನನ್ನ ಜಾತಿಯವನು, ಅಂದರೆ ಅಚ್ಚುಮಸಿಯ ಜಾತಿ! ಹೆಸರು ಫಿಲಿಪ್ ಗೋಲ್ಡ್‌ಸನ್, 'ಬೆಲೀಜ್ ಬಿಲ್‌ಬೋರ್ಡ್' ಪತ್ರಿಕೆಯ ಸಂಪಾದಕ. 1949ರ ಡಿಸೆಂಬರ್ 31ರಂದು ಗವರ್ನರ್ ತನ್ನ ವಿಶೇಷಾಧಿಕಾರ ಬಳಸಿ ಅಲ್ಲಿನ ಡಾಲರಿನ ಬೆಲೆ ಇಳಿಸಿದ. ಬಡವರ ಸಾಮಾನು ತುಟ್ಟಿಯಾಯಿತು. ಜನ ಬೀದಿಗಿಳಿದರು. 1950ರಲ್ಲಿ ಹೊಸ ಪಕ್ಷ ಹುಟ್ಟಿತು. ಜಾರ್ಜ್ ಪ್ರೈಸ್, ಗೋಲ್ಡ್‌ಸನ್ ಇಬ್ಬರೂ ಅದರಲ್ಲಿದ್ದರು. 1951ರಲ್ಲಿ ಗೋಲ್ಡ್‌ಸನ್ ಮೇಲೆ ರಾಜದ್ರೋಹದ ಕೇಸು. ತಪ್ಪೇನು? ಪತ್ರಿಕೆಯಲ್ಲಿ ಬರೆದದ್ದು! ಸೆರೆವಾಸ ಅನುಭವಿಸಿದ. ಮುಂದೆ ಪ್ರೈಸ್‌ಗೂ ಅವನಿಗೂ ಬಿರುಕು ಬಿತ್ತು, ರಾಜಕೀಯದಲ್ಲಿ ಎದುರಾಳಿಗಳಾದರು. 1981ರ ಸೆಪ್ಟೆಂಬರ್ 21ರಂದು ಬೆಲೀಜ್ ಸ್ವತಂತ್ರವಾದಾಗ ಪ್ರೈಸ್ ಮೊದಲ ಪ್ರಧಾನಿ. ಇಂದು ಇಬ್ಬರೂ ಅಲ್ಲಿನ ರಾಷ್ಟ್ರವೀರರು. ದೇಶದ ವಿಮಾನ ನಿಲ್ದಾಣಕ್ಕೆ ಗೋಲ್ಡ್‌ಸನ್ ಹೆಸರೇ ಇದೆ.

ಹಾಗಾದರೆ ಬ್ಲಿಸ್ ದಿನವನ್ನು ಏನು ಮಾಡಿದರು? ಹರಿದು ಎಸೆಯಲಿಲ್ಲ. ಹೆಸರು ಹಿಗ್ಗಿಸಿದರು: 'ರಾಷ್ಟ್ರವೀರರ ಮತ್ತು ದಾನಿಗಳ ದಿನ'. ಮೊದಲು ವೀರರು, ಆಮೇಲೆ ದಾನಿಗಳು. ಆ ಕ್ರಮವನ್ನು ಗಮನಿಸಿ, ಗೆಳೆಯರೆ! ದಾನಿಯೊಬ್ಬನ ಹೆಸರು ಮಾತ್ರ ಇದ್ದಾಗ ಆ ಜನ ಪಡೆದುಕೊಂಡವರು. ವೀರರ ಹೆಸರು ಸೇರಿದ ಮೇಲೆ ಅವರು ಗಳಿಸಿಕೊಂಡವರು. ಆದರೂ ಅನ್ನವಿಟ್ಟ ಕೈಯನ್ನು ಅವರು ಮರೆಯಲಿಲ್ಲ. ಪರಸ್ಪರ ಸೆಣಸಿದ ಇಬ್ಬರು ನಾಯಕರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು.

ರಜೆ ಅಂದರೆ ಮಲಗುವ ದಿನವಲ್ಲ, ಲೆಕ್ಕ ನೋಡುವ ದಿನ. ನಾನು ಕೆಂಪು ಮಸಿ ಬಳಿಯಬಲ್ಲೆ. ಆ ತಾರೀಖಿಗೆ ಅರ್ಥ ತುಂಬಬೇಕಾದವರು ನೀವು.