ನಿಯಮವಿದೆ, ಕೇಳುವವರು ಬೇಕು

(ಮಾಸಿಕ ಶಿವಾನುಭವಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನು ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದ ಎಂಜಿನಿಯರ್. ಮನಶ್ಶಾಸ್ತ್ರ ಓದಿದವನಲ್ಲ, ವಕೀಲನೂ ಅಲ್ಲ. ಒಂದು ವ್ಯವಸ್ಥೆ ಕಾಗದದ ಮೇಲೆ ಹೇಗಿದೆ, ಸ್ಥಳದಲ್ಲಿ ಹೇಗೆ ನಡೆಯುತ್ತಿದೆ ಎಂದು ತಾಳೆ ನೋಡುವುದು ನನ್ನ ಕಾಯಕವಾಗಿತ್ತು. ಮಕ್ಕಳ ಕಣ್ಣಿಗೆ ಬೀಳುವ ಟಿ.ವಿ. ಹಿಂಸೆಯ ವಿಷಯವನ್ನೂ ಹಾಗೆಯೇ ನೋಡಿದ್ದೇನೆ.

"ಇದಕ್ಕೆ ಕಾನೂನೇ ಇಲ್ಲವೇ?" ಎಂದು ಅನೇಕರು ಕೇಳುತ್ತಾರೆ. ಇದೆ. ಕಾರ್ಯಕ್ರಮ ಸಂಹಿತೆಯನ್ನು ಪಾಲಿಸಲೇಬೇಕು ಎಂದು 1995ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆಯ 5ನೇ ಕಲಮು ಹೇಳುತ್ತದೆ. ಆ ಸಂಹಿತೆ ಕೇಬಲ್ ಟೆಲಿವಿಷನ್ ನಿಯಮಗಳ 6ನೇ ನಿಯಮದಲ್ಲಿದೆ. ಹಿಂಸೆಗೆ ಪ್ರಚೋದನೆ ಕೊಡುವಂಥದ್ದನ್ನು ತೋರಿಸಬಾರದು. ಮಕ್ಕಳಿಗೆ ತಕ್ಕದ್ದಲ್ಲದ ಕಾರ್ಯಕ್ರಮವನ್ನು, ಅತಿ ಹೆಚ್ಚು ಮಕ್ಕಳು ಟಿ.ವಿ. ನೋಡುವ ಹೊತ್ತಿನಲ್ಲಿ ಬಿತ್ತರಿಸಬಾರದು. ಎರಡೂ ಮಾತು ಅಲ್ಲಿವೆ.

ಮನರಂಜನೆಯ ವಾಹಿನಿಗಳು 2011ರಲ್ಲಿ ತಾವೇ ಒಂದು ದೂರು ಮಂಡಳಿಯನ್ನು ರಚಿಸಿಕೊಂಡವು. ನಿವೃತ್ತ ನ್ಯಾಯಮೂರ್ತಿಯೊಬ್ಬರು ಅದರ ಅಧ್ಯಕ್ಷರಾಗಿರುತ್ತಾರೆ. ಎಲ್ಲರೂ ನೋಡಬಹುದಾದದ್ದು ಒಂದು ವರ್ಗ, ನಿರ್ಬಂಧಿತವಾದದ್ದು ಇನ್ನೊಂದು ವರ್ಗ. ಎರಡನೆಯದು ರಾತ್ರಿ 11ರಿಂದ ಬೆಳಗಿನ 5ರವರೆಗೆ ಮಾತ್ರ ಎಂದು ಅವರೇ ಗೆರೆ ಎಳೆದುಕೊಂಡಿದ್ದಾರೆ.

ಆದರೆ ಸುದ್ದಿ ವಾಹಿನಿಗೆ ಇಂಥ ಹೊತ್ತು ಗೊತ್ತಿಲ್ಲ. ರಾತ್ರಿ ಎಂಟಕ್ಕೆ ಮನೆಮಂದಿಯೆಲ್ಲ ಊಟಕ್ಕೆ ಕುಳಿತಾಗ, ಬೀದಿಯಲ್ಲಿ ಒಬ್ಬನನ್ನು ಕೊಚ್ಚುವ ಸಿ.ಸಿ. ಕ್ಯಾಮೆರಾ ದೃಶ್ಯ ಬರುತ್ತದೆ. ಒಮ್ಮೆ ತೋರಿಸಿ ಬಿಡುವುದಿಲ್ಲ. ಕೆಂಪು ವೃತ್ತ ಹಾಕಿ, ಹಿನ್ನೆಲೆ ಸಂಗೀತ ಸೇರಿಸಿ, ಅರ್ಧ ಗಂಟೆ ಅದನ್ನೇ ತಿರುಗಿಸುತ್ತಾರೆ. ಅಂಥ ಒಂದು ದೃಶ್ಯ ನೋಡಿದ ನನ್ನ ಏಳು ವರ್ಷದ ಮೊಮ್ಮಗ ಹತ್ತು ದಿನ ಹಿತ್ತಲಿಗೆ ಒಬ್ಬನೇ ಹೋಗಲಿಲ್ಲ. "ತಾತಾ, ಆ ಮಾಮ ಸತ್ತಿದ್ದು ಒಂದ್ಸಲಾನಾ, ಬಹಳ ಸಲಾನಾ?" ಎಂದು ಕೇಳಿದ. ಎಣಿಸಿದರೆ ಅವನ ಲೆಕ್ಕವೂ ತಪ್ಪಲ್ಲ.

ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ಇದು ತಿಳಿದಿದೆ. 2023ರ ಜನವರಿ 9ರಂದು ಅದು ಎಲ್ಲ ಖಾಸಗಿ ವಾಹಿನಿಗಳಿಗೆ ಸಲಹಾಪತ್ರ ಕಳುಹಿಸಿತು. ಶವಗಳನ್ನು, ರಕ್ತಸಿಕ್ತ ದೇಹಗಳನ್ನು, ಹೊಡೆತ ತಿನ್ನುವ ಮಕ್ಕಳನ್ನು ಮಸುಕುಗೊಳಿಸದೆ ಹತ್ತಿರದಿಂದ ತೋರಿಸುವುದು ಸಂಹಿತೆಗೆ ವಿರುದ್ಧ, ಟಿ.ವಿ.ಯನ್ನು ಇಡೀ ಕುಟುಂಬ ಒಟ್ಟಿಗೆ ಕುಳಿತು ನೋಡುತ್ತದೆ ಎಂದು ನೆನಪಿಸಿತು.

ನೋಡಿದ ಮಕ್ಕಳೆಲ್ಲ ಕೈಗೆ ಕತ್ತಿ ಹಿಡಿಯುತ್ತಾರೆಂದು ನಾನು ಹೇಳುವುದಿಲ್ಲ. ಆದರೆ ಮಗು ಕಂಡದ್ದನ್ನು ಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರು 1961ರಲ್ಲಿ ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುವುದನ್ನು ನೋಡಿದ ಮಕ್ಕಳು ತಾವೂ ಅದೇ ರೀತಿ ಹೊಡೆದರು. ಎರಡು ವರ್ಷದ ಬಳಿಕ ಅದನ್ನೇ ಚಲನಚಿತ್ರದಲ್ಲಿ ತೋರಿಸಿದಾಗಲೂ ಹಾಗೆಯೇ ಆಯಿತು.

ಹಾಗಾದರೆ ಸುದ್ದಿಯ ಬಾಯಿ ಮುಚ್ಚಿಸಬೇಕೇ? ಖಂಡಿತ ಬೇಡ. ವಾಕ್ ಸ್ವಾತಂತ್ರ್ಯ ಸಂವಿಧಾನ ಕೊಟ್ಟದ್ದು, ಅದು ನಮಗೂ ಬೇಕು. ಕೊಲೆ ನಡೆದಿದ್ದರೆ ತಿಳಿಸಲಿ. ಏಕೆ ನಡೆಯಿತು, ಪೊಲೀಸರು ಏನು ಮಾಡಿದರು ಎಂದು ಕೇಳಲಿ. ಅದಕ್ಕೆ ಕತ್ತಿ ಬೀಳುವ ಚಿತ್ರವನ್ನು ನೂರು ಸಲ ತೋರಿಸಬೇಕಿಲ್ಲ. ಅಣೆಕಟ್ಟಿಗೆ ಗೇಟು ಇಡುವುದು ನೀರಿನ ಮೇಲಿನ ದ್ವೇಷದಿಂದಲ್ಲ.

ಗೇಟಿನ ಮಾತು ಬಂದಿತು, ಒಂದು ಉದಾಹರಣೆ ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದದ್ದು ನಿಮಗೆಲ್ಲ ಗೊತ್ತು. ತುಂಡಾದದ್ದು ಅದರ ಸರಪಳಿ. ಸರಪಳಿ ಹೋದರೆ ಎಷ್ಟು ಗಟ್ಟಿ ಗೇಟೂ ನಿಲ್ಲದು. ಟಿ.ವಿ.ಯ ವಿಷಯದಲ್ಲಿ ನಿಯಮವೇ ಗೇಟು, ನೋಡುಗರ ದೂರು ಅದರ ಸರಪಳಿ. ನಾವು ಮನೆಯಲ್ಲಿ ಬೈದುಕೊಂಡು ರಿಮೋಟ್ ಒತ್ತಿ ಸುಮ್ಮನಾಗುತ್ತೇವೆ. ಆ ಬೈಗುಳ ಯಾವ ಕಡತಕ್ಕೂ ಸೇರುವುದಿಲ್ಲ.

ದೂರು ಕೊಡುವುದು ಕಷ್ಟವಲ್ಲ. 2021ರ ಜೂನ್‌ನಲ್ಲಿ ತಿದ್ದುಪಡಿಯಾದ ನಿಯಮದಂತೆ ಪ್ರತಿ ವಾಹಿನಿಗೂ ಒಬ್ಬ ದೂರು ಅಧಿಕಾರಿ ಇರಬೇಕು. ವಾಹಿನಿಯ ಹೆಸರು, ಕಾರ್ಯಕ್ರಮ, ದಿನಾಂಕ, ಗಂಟೆ, ತೋರಿಸಿದ್ದೇನು, ಈ ಐದನ್ನು ಬರೆದು ಅವರಿಗೆ ಕಳುಹಿಸಿ. 24 ಗಂಟೆಯೊಳಗೆ ಸ್ವೀಕೃತಿ ಬರಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದಲ್ಲಿ ವಾಹಿನಿಗಳ ಸ್ವನಿಯಂತ್ರಣ ಮಂಡಳಿಗೆ ಮೇಲ್ಮನವಿ. ಅಲ್ಲಿಯೂ ಸಮಾಧಾನ ಸಿಗದಿದ್ದರೆ ಕೇಂದ್ರ ಸರ್ಕಾರಕ್ಕೆ.

ನಾನೂ ಒಂದು ವಾಹಿನಿಗೆ ಬರೆದೆ. "ಗಮನಕ್ಕೆ ತೆಗೆದುಕೊಂಡಿದ್ದೇವೆ" ಎಂದು ಒಂದೇ ಸಾಲಿನ ಉತ್ತರ ಬಂತು. ಒಬ್ಬನ ಪತ್ರಕ್ಕೆ ಒಂದು ಸಾಲು. ನೂರು ಮನೆಯಿಂದ ಹೋದರೆ ಹಾಗೆ ಬರೆದು ಕೈತೊಳೆದುಕೊಳ್ಳುವುದು ಸುಲಭವಲ್ಲ.

ಆದ್ದರಿಂದ ಈ ಸಭೆಯಲ್ಲಿ ಎರಡು ಅರಿಕೆ. ಮೊದಲನೆಯದು, ಮಠಗಳ ಪ್ರಸಾದ ನಿಲಯಗಳಲ್ಲಿ ಸಾವಿರಾರು ಮಕ್ಕಳಿದ್ದಾರೆ, ಅಲ್ಲಿನ ಟಿ.ವಿ.ಯಲ್ಲಿ ಏನು, ಎಷ್ಟು ಹೊತ್ತಿಗೆ ಓಡುತ್ತಿದೆ ಎಂದು ಯಾರಾದರೂ ಹಿರಿಯರು ನೋಡಬೇಕು. ಸೆಟ್‌ಟಾಪ್ ಬಾಕ್ಸ್‌ನಲ್ಲಿ ವಾಹಿನಿಗೆ ಬೀಗ ಹಾಕುವ ಅನುಕೂಲವಿದ್ದರೆ ಬಳಸಬೇಕು. ಎರಡನೆಯದು, ಅಕ್ಕನ ಬಳಗದವರು ಒಂದು ದೂರು ಪುಸ್ತಕ ಇಡಲಿ. ಕಂಡದ್ದನ್ನು ಅಂದೇ ಬರೆದಿಡಿ. ತಿಂಗಳಿಗೊಮ್ಮೆ ಈ ಗೋಷ್ಠಿಯಲ್ಲೇ ಕುಳಿತು ಪತ್ರ ಸಿದ್ಧಪಡಿಸೋಣ. ಬರೆಯುವ ಕೆಲಸ ನನಗಿರಲಿ, ಅದಕ್ಕೆ ನನ್ನ ಬಳಿ ಈಗ ಬೇಕಾದಷ್ಟು ಸಮಯವಿದೆ. ಸಹಿ ಮಾತ್ರ ನಿಮ್ಮೆಲ್ಲರದೂ ಇರಲಿ.